ಮಕ್ಕಳ ಜಗತ್ತಿನ ಮೊದಲ ಪುಟ ರಾಗಿ ಹೊಲದಿಂದ ತೆರೆಯಲಿ

ಸಂಪಾದಕರಿಗೆ,

ಮಾನ್ಯರೇ,

ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು, ಈಗ ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಾರಕ್ಕೆ ಮೂರು ಸಂಜೆ ಮಕ್ಕಳೊಂದಿಗೆ ಕೂರುತ್ತೇನೆ. ಕಳೆದ ಬೇಸಿಗೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ಭೂಪಟದ ಮುಂದೆ ನಿಂತು, "ಮಿಸ್, ಆಫ್ರಿಕಾದೋರೂ ಮುದ್ದೆ ತಿಂತಾರಾ?" ಎಂದು ಕೇಳಿದಳು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೆಂಬುದು ನನಗೆ ಗೊತ್ತಿತ್ತು. ಆದರೆ ಅದನ್ನು ಅವಳಿಗೆ ಕನ್ನಡದಲ್ಲಿ, ಚಿತ್ರ ಮತ್ತು ಧ್ವನಿಗಳೊಡನೆ ತೋರಿಸಬಲ್ಲ ಒಂದು ಪುಟಕ್ಕಾಗಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಗಂಟೆ ಹುಡುಕಿದರೂ ಸಿಗಲಿಲ್ಲ. ಆ ಸಂಜೆಯ ಬೇಸರದಿಂದಲೇ ಒಂದು ಕೆಲಸ ಆರಂಭವಾಯಿತು. ನಾವು ಮೂವರು ಶಿಕ್ಷಕರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರಿನ ಇಬ್ಬರು ಯುವಕರೂ ಸೇರಿ, ಪ್ರಪಂಚದ ಸಂಸ್ಕೃತಿಗಳನ್ನು ಕನ್ನಡದ ಮಕ್ಕಳಿಗೆ ಪರಿಚಯಿಸುವ ಜಾಲತಾಣವೊಂದನ್ನು ರೂಪಿಸುತ್ತಿದ್ದೇವೆ. ಎಂಟು ತಿಂಗಳಲ್ಲಿ ನಾವು ಕಲಿತದ್ದನ್ನೂ ಎಡವಿದ್ದನ್ನೂ ತಮ್ಮ ಓದುಗರ ಮುಂದಿಡುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ; ವಿಷಯ ಅಷ್ಟನ್ನು ಬೇಡುತ್ತದೆಂದು ನಂಬಿದ್ದೇನೆ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವಂಥದನ್ನೇ. ಪ್ರಪಂಚದ ಭೂಪಟ, ಅದರ ಮೇಲೆ ಬಾವುಟಗಳು. ಬಾವುಟವನ್ನು ಒತ್ತಿದರೆ ಆ ದೇಶದ ರಾಜಧಾನಿ, ಒಂದು ಉಡುಪು, ಒಂದು ತಿನಿಸು, ಒಂದು ಹಬ್ಬ. ಹೀಗೆ 24 ದೇಶಗಳ ಪುಟಗಳನ್ನು ಸಿದ್ಧಪಡಿಸಿ ಮಕ್ಕಳ ಕೈಗೆ ಕೊಟ್ಟೆವು. ಅವರು ಬಾವುಟ ಒತ್ತಿದರು, ಉಡುಪು ನೋಡಿದರು, ಮುಂದಿನ ಬಾವುಟಕ್ಕೆ ಹೋದರು. ಇಪ್ಪತ್ತು ನಿಮಿಷದೊಳಗೆ ಪ್ರಪಂಚವೆಲ್ಲ ಮುಗಿದುಹೋಯಿತು. ಮರುವಾರ ವಿಚಾರಿಸಿದಾಗ, ಜಪಾನಿನವರು ಕಿಮೊನೊ ಉಡುತ್ತಾರೆ, ಎಸ್ಕಿಮೋಗಳು ಮಂಜಿನ ಮನೆಯಲ್ಲಿರುತ್ತಾರೆ ಎಂಬಂಥ ನಾಲ್ಕೈದು ವಾಕ್ಯಗಳ ಹೊರತು ಅವರಲ್ಲಿ ಏನೂ ಉಳಿದಿರಲಿಲ್ಲ. ತಪ್ಪು ಮಕ್ಕಳದಲ್ಲ. ಕೊಟ್ಟದ್ದಷ್ಟನ್ನು ಅವರು ಸರಿಯಾಗಿಯೇ ತೆಗೆದುಕೊಂಡಿದ್ದರು.

ಮಂಜಿನ ಮನೆಯ ಆ ವಾಕ್ಯ ನನ್ನನ್ನು ಬಹುವಾಗಿ ಕಾಡಿತು, ಏಕೆಂದರೆ ನಾನೇ ಅದನ್ನು ವರ್ಷಗಟ್ಟಲೆ ಕಲಿಸಿದವಳು. ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವುದು 'ಇನುಯಿಟ್' ಎಂದು. ಅದರ ಅರ್ಥ 'ಜನರು'. 'ಇಗ್ಲೂ' ಎಂಬ ಅವರ ಮಾತಿಗೆ ಮನೆ ಎಂದಷ್ಟೇ ಅರ್ಥ, ಮರದ ಮನೆಗೂ ಅದು ಸಲ್ಲುತ್ತದೆ. ಹಿಮದ ಇಟ್ಟಿಗೆಗಳ ಗೂಡು ಬೇಟೆಯ ಕಾಲದ ಮತ್ತು ಚಳಿಗಾಲದ ತಂಗುದಾಣವಾಗಿತ್ತು, ಅದೂ ಎಲ್ಲ ಇನುಯಿಟರಲ್ಲಿ ಅಲ್ಲ. ಕೆನಡಾದಲ್ಲಿ 1999ರ ಏಪ್ರಿಲ್ 1ರಂದು ನುನಾವುಟ್ ಎಂಬ ಆಡಳಿತ ಪ್ರದೇಶ ಅಸ್ತಿತ್ವಕ್ಕೆ ಬಂತು. ಆ ಹೆಸರಿನ ಅರ್ಥ 'ನಮ್ಮ ನೆಲ'. ಅಲ್ಲಿನ ಮಕ್ಕಳು ಶಾಲೆಗೆ ಹೋಗುತ್ತಾರೆ, ಮೊಬೈಲು ಹಿಡಿಯುತ್ತಾರೆ, ಅಜ್ಜನೊಡನೆ ಸೀಲ್ ಬೇಟೆಗೂ ಹೋಗುತ್ತಾರೆ. ಅವರ ಭಾಷೆಯಾದ ಇನುಕ್ಟಿಟುಟ್‌ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಲಿಪಿಯಲ್ಲಿ ಪಿ, ಪು, ಪ ಎಂಬ ಮೂರಕ್ಕೂ ಒಂದೇ ಆಕಾರ. ಅದನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಸ್ವರ ಬದಲಾಗುತ್ತದೆ. ಕಾಗುಣಿತ ಕಲಿತ ನಮ್ಮ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರು ಒಂದು ಇಡೀ ಸಂಜೆ ತಮ್ಮ ಹೆಸರುಗಳನ್ನು ಆ ಲಿಪಿಯಲ್ಲಿ ಬರೆಯುವುದರಲ್ಲಿ ಕಳೆದರು. ಮಂಜಿನ ಮನೆ ಅವರ ಬಾಯಿಗೆ ಮತ್ತೆ ಬರಲಿಲ್ಲ.

ಇದರ ಮರುಮುಖವನ್ನೂ ಮಕ್ಕಳಿಗೆ ತೋರಿಸಿದೆವು. ಭಾರತವೆಂದರೆ ಹಾವಾಡಿಗ, ಆನೆ ಮತ್ತು ತಾಜ್ ಮಹಲ್ ಎಂದು ಬಿಡಿಸಿದ ಚಿತ್ರವೊಂದನ್ನು ಮುಂದಿಟ್ಟು, ಬೇರೆ ದೇಶದ ಮಕ್ಕಳು ನಿಮ್ಮನ್ನು ಹೀಗೆ ತಿಳಿದರೆ ಒಪ್ಪುತ್ತೀರಾ ಎಂದು ಕೇಳಿದಾಗ ಒಬ್ಬರೂ ಒಪ್ಪಲಿಲ್ಲ. ಟೊಮೆಟೊ ಮಂಡಿ ಎಲ್ಲಿ, ಅಂತರಗಂಗೆ ಎಲ್ಲಿ, ಕೋಲಾರಮ್ಮನ ಗುಡಿ ಎಲ್ಲಿ, ನಾವು ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುವುದು ಎಲ್ಲಿ ಎಂಬುದು ಅವರ ಆಕ್ಷೇಪವಾಗಿತ್ತು. ಅಂದಿನಿಂದ ನಮ್ಮ ತಂಡ ಒಂದು ಕಟ್ಟಳೆ ಹಾಕಿಕೊಂಡಿದೆ. ಯಾವ ಜನರ ಬಗ್ಗೆ ಪುಟ ಬರೆಯುತ್ತೇವೆಯೋ ಆ ಜನರ ಒಂದು ಮಗು ಅದನ್ನು ಓದಿದರೆ ತನ್ನ ಮನೆಯನ್ನು ಅದರಲ್ಲಿ ಗುರುತಿಸಬೇಕು. ಸಾಧ್ಯವಾದ ಕಡೆಯೆಲ್ಲ ಆ ಜನರಿಗೇ ಪುಟವನ್ನು ತೋರಿಸಿದ ಬಳಿಕವೇ ಪ್ರಕಟಿಸಬೇಕು. ಇದರಿಂದ ಕೆಲಸ ತೀರ ನಿಧಾನವಾಗಿದೆ. 24 ದೇಶಗಳ ಜಾಗದಲ್ಲಿ ಈಗ ಏಳು ಪುಟಗಳಿವೆ.

ಆ ಏಳು ಪುಟಗಳೂ ದೇಶದ ಹೆಸರಿನಿಂದ ಆರಂಭವಾಗುವುದಿಲ್ಲ. ಮಗುವಿನ ಅಂಗಳದಲ್ಲಿರುವ ಒಂದು ವಸ್ತುವಿನಿಂದ ಹೊರಟು, ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು, ಆ ದಾರಿಯಲ್ಲಿ ಸಿಗುವ ಜನರನ್ನು ಮಾತನಾಡಿಸುವುದು ನಾವು ಕಂಡುಕೊಂಡ ಕ್ರಮ. ನಾನು ಈ ಪತ್ರದಲ್ಲಿ ವಾದಿಸಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲ ಪುಟ ಸಹಜವಾಗಿಯೇ ರಾಗಿಯದು. ಸಾವಿರಾರು ವರ್ಷಗಳ ಹಿಂದೆ ಇಥಿಯೋಪಿಯಾ, ಉಗಾಂಡಾಗಳ ಎತ್ತರದ ಸೀಮೆಯಲ್ಲಿ ಜನರು ಒಗ್ಗಿಸಿಕೊಂಡ ಈ ಕಾಳು ಕಡಲು ದಾಟಿ ನಮ್ಮಲ್ಲಿಗೆ ಬಂದು, ಮಳೆ ಕಡಿಮೆಯಾದರೂ ಕೈಬಿಡದ ಬೆಳೆಯಾಗಿ ನೆಲೆನಿಂತಿತು. ಉಗಾಂಡಾದ ಪಶ್ಚಿಮ ಭಾಗದಲ್ಲಿ ಕುದಿಯುವ ನೀರಿಗೆ ರಾಗಿ ಹಿಟ್ಟನ್ನು, ಹಲವೆಡೆ ಮರಗೆಣಸಿನ ಹಿಟ್ಟನ್ನೂ ಬೆರೆಸಿ, ತಿರುವಿ 'ಕಾಲೋ' ಎಂಬ ಮುದ್ದೆ ಮಾಡುತ್ತಾರೆ; ಕೈಯಿಂದ ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ರಾಗಿಗೆ 'ವಿಂಬಿ' ಎನ್ನುತ್ತಾರೆ, ಅದರ ಹಿಟ್ಟಿನಿಂದ ಮಾಡುವ ಕೀನ್ಯಾದ 'ಉಜಿ' ನಮ್ಮ ಅಂಬಲಿಗೆ ತೀರ ಹತ್ತಿರದ್ದು. ನೇಪಾಳದ ಬೆಟ್ಟಗಳಲ್ಲಿ ರಾಗಿ 'ಕೋದೋ' ಆಗಿ, ಅದರ ಮುದ್ದೆ 'ಢಿಂಡೊ' ಆಗಿ ನಿಲ್ಲುತ್ತದೆ. ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ನಮ್ಮಲ್ಲಿ ಸಭೆಗಳು ಬಹಳ ನಡೆದವು. ಆದರೆ ರಾಗಿಯನ್ನು ನಮಗೆ ಕೊಟ್ಟ ಜನರು ಅದನ್ನು ಇಂದು ಹೇಗೆ ಬಿತ್ತಿ ಬೆಳೆಯುತ್ತಾರೆ, ಯಾವ ಹಾಡು ಹಾಡಿ ಬೀಸುತ್ತಾರೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದವರನ್ನು ನಾನು ಕಾಣಲಿಲ್ಲ. ಆಫ್ರಿಕಾವೆಂದರೆ ಕಾಡು, ಸಿಂಹ ಮತ್ತು ಬಡತನ ಎಂದೇ ಕಲಿಯುತ್ತಿದ್ದ ಮಗು, ತನ್ನ ತಟ್ಟೆಯ ಅನ್ನದಾತರು ಅವರು ಎಂದು ಅರಿತಾಗ ಅವಳ ಮುಖದಲ್ಲಿ ಬಂದ ಗೌರವವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಜಿಎಫ್‌ನ ಮಕ್ಕಳಿಗೆ ಬೇರೆಯದೇ ಬಾಗಿಲಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಗಣಿ ಕಸುಬು ಬಲ್ಲವರು ಇಲ್ಲಿಗೆ ಬಂದರು. ಅವರ ಊರಿನ ತಾಮ್ರ ಮತ್ತು ತವರದ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲವದು. ಅದೇ ಸೀಮೆಯವರು ಅದಕ್ಕೂ ಮೊದಲೇ, 1820ರ ದಶಕದಲ್ಲಿ, ಮೆಕ್ಸಿಕೊದ ಪಚೂಕಾ ಬಳಿಯ ಬೆಳ್ಳಿ ಗಣಿಗಳಿಗೆ ಹೋಗಿದ್ದರು. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ 'ಪ್ಯಾಸ್ಟಿ' ಎಂಬ ಅವರ ಬುತ್ತಿ ಅಲ್ಲಿ 'ಪಾಸ್ತೆ' ಎಂಬ ಹೆಸರಿನಲ್ಲಿ ಇಂದಿಗೂ ಅಂಗಡಿಗಳಲ್ಲಿ ಮಾರಾಟವಾಗುತ್ತದೆ, ಹೂರಣಕ್ಕೆ ಮಾತ್ರ ಆ ನಾಡಿನ ಮೆಣಸಿನಕಾಯಿ ಸೇರಿದೆ. ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಸೈನೈಡ್ ದಿಬ್ಬದ ನೆರಳಿನಲ್ಲಿ ಬೆಳೆದ ಮಗುವಿಗೆ ಹೀಗೆ ಕೆಜಿಎಫ್‌ನ ಗಣಿಯಾದ ಚಾಂಪಿಯನ್ ರೀಫ್, ಕಾರ್ನ್‌ವಾಲ್ ಮತ್ತು ಪಚೂಕಾ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಈ ಪುಟದ ಮೊದಲ ಕರಡಿನಲ್ಲಿ ನಾವು ಬಂಗಲೆಗಳನ್ನೂ ಕ್ಲಬ್ಬನ್ನೂ ವರ್ಣಿಸಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ದುಡಿದವರನ್ನು ಒಂದು ಸಾಲಿನಲ್ಲಿ ಮುಗಿಸಿದ್ದೆವು. ಅದನ್ನು ಓದಿದ ಗಣಿ ಕಾರ್ಮಿಕರ ಕುಟುಂಬದ ಹಿರಿಯರೊಬ್ಬರು, "ನಮ್ಮ ತಾತ ಎಲ್ಲಮ್ಮಾ ಇದರೊಳಗೆ?" ಎಂದು ಕೇಳಿದರು. ಅವರ ಮಾತು ನ್ಯಾಯವಾದದ್ದು. ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ, ಬಹುಪಾಲು ದಲಿತರಾದ ಆ ಕಾರ್ಮಿಕರ ಸಾಲು ವಸತಿಗಳಾದ ಲೈನ್ ಮನೆಗಳ ಬದುಕು, ಅವರ ಹಬ್ಬಗಳು, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವ ಅವರ ಮಕ್ಕಳ ಬದುಕು, ಇವೆಲ್ಲ ಈಗ ಆ ಪುಟದ ಅರ್ಧಕ್ಕಿಂತ ಹೆಚ್ಚು ಭಾಗವಾಗಿವೆ.

ರೇಷ್ಮೆಯ ಪುಟವನ್ನು ಶಿಡ್ಲಘಟ್ಟದ ಶಿಕ್ಷಕರೊಬ್ಬರು ಬರೆಯುತ್ತಿದ್ದಾರೆ. ಅದು ಹಿಪ್ಪುನೇರಳೆ ತೋಟದಿಂದ ಹೊರಟು ಚೀನಾಕ್ಕೂ, 1872ರಲ್ಲಿ ಫ್ರಾನ್ಸಿನ ಯಂತ್ರಗಳನ್ನಿಟ್ಟು ಆರಂಭವಾದ ಜಪಾನಿನ ತೊಮಿಯೊಕಾ ನೂಲು ಬಿಚ್ಚಣಿಕೆ ಕಾರ್ಖಾನೆಗೂ ಹೋಗುತ್ತದೆ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಸ್ತಬ್ಧವಾಗುವುದನ್ನು ನಮ್ಮ ರೈತರು 'ಜ್ವರ' ಎನ್ನುತ್ತಾರೆ, ಜಪಾನಿನವರು 'ನಿದ್ರೆ' ಎನ್ನುತ್ತಾರೆ. ಒಂದೇ ಹುಳುವನ್ನು ಎರಡು ನಾಡಿನ ಜನ ನೋಡಿದ ಬಗೆ ಈ ಎರಡು ಮಾತುಗಳಲ್ಲಿದೆ.

ಇನ್ನು ಭಾಷೆಯ ವಿಷಯ. ನಮ್ಮಲ್ಲಿ ಒಬ್ಬರು, ಕಾಲ ಉಳಿಯುತ್ತದೆಂದು, ಇಂಗ್ಲಿಷ್ ಪುಟಗಳನ್ನು ಯಂತ್ರದ ಮೂಲಕ ಅನುವಾದಿಸಿ ತಂದರು. ಮೆಕ್ಸಿಕೊದ ಜನರು ನವೆಂಬರ್ 1 ಮತ್ತು 2ರಂದು ಆಚರಿಸುವ ಹಬ್ಬವು ಅದರಲ್ಲಿ 'ಸತ್ತ ದಿನ' ಎಂದಾಗಿತ್ತು. ಮಕ್ಕಳಿಗೆ ಭಯವಾಯಿತೇ ಹೊರತು ಅರ್ಥವಾಗಲಿಲ್ಲ. ಅದೇ ವಿಷಯವನ್ನು ನಾವು ಕನ್ನಡದಲ್ಲಿ ಮೊದಲಿನಿಂದ ಬರೆದೆವು. ತೀರಿಕೊಂಡ ಹಿರಿಯರು ಆ ದಿನ ಮನೆಗೆ ಬರುತ್ತಾರೆಂದು ನಂಬಿ, ಅವರ ಭಾವಚಿತ್ರದ ಮುಂದೆ ಅವರಿಗೆ ಇಷ್ಟವಾದ ತಿಂಡಿಗಳನ್ನು ಎಡೆ ಇಟ್ಟು, ಚೆಂಡುಹೂವಿನಿಂದ ಅಲಂಕರಿಸುತ್ತಾರೆ ಎಂದಾಗ, ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ಕಂಡ ಮಕ್ಕಳಿಗೆ ಮುಂದಿನ ವಿವರಣೆಯೇ ಬೇಕಾಗಲಿಲ್ಲ. ನಮ್ಮ ತೋಟಗಳ ಚೆಂಡುಹೂವಿನ ಮೂಲನೆಲೆಯೂ ಮೆಕ್ಸಿಕೊ. ನಮ್ಮ ಮಂಡಿಗೆ ಹೆಸರು ತಂದ ಟೊಮೆಟೊ ಎಂಬ ಮಾತು ಅಲ್ಲಿನ ನಾಹ್ವಾತ್ಲ್ ಭಾಷೆಯ 'ತೊಮಾತ್ಲ್' ಎಂಬುದರಿಂದ ಬಂದದ್ದು, ಮತ್ತು ಆ ಭಾಷೆಯನ್ನು ಆಡುವವರು ಇಂದಿಗೂ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ.

ಆದರೆ ಹೋಲಿಕೆ ಬಾಗಿಲು ತೆರೆಯುವಷ್ಟಕ್ಕೇ ನಿಲ್ಲಬೇಕು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಎಲ್ಲವೂ ನಮ್ಮಂತೆಯೇ ಎಂದು ಹೇಳಿ ಮುಗಿಸಿದರೆ, ಮಗು ಪ್ರಪಂಚವನ್ನೆಲ್ಲ ಸುತ್ತಿಯೂ ತನ್ನನ್ನೇ ಕಂಡು ಮರಳುತ್ತದೆ. ಮೆಕ್ಸಿಕೊದ ಹಲವು ಊರುಗಳಲ್ಲಿ ಕುಟುಂಬದವರೆಲ್ಲ ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚಿ ರಾತ್ರಿಯಿಡೀ ಕೂರುತ್ತಾರೆ, ಸಂಗೀತ ನುಡಿಸುತ್ತಾರೆ, ಸಕ್ಕರೆಯಿಂದ ಮಾಡಿದ ತಲೆಬುರುಡೆಗಳನ್ನು ಮಕ್ಕಳಿಗೆ ಕೊಡುತ್ತಾರೆ. ಸ್ಪೇನಿನವರು ತಂದ ಕ್ರೈಸ್ತ ಧರ್ಮವೂ ಅದಕ್ಕೂ ಹಿಂದಿನ ನಂಬಿಕೆಗಳೂ ಅದರಲ್ಲಿ ಕೂಡಿಕೊಂಡಿವೆ. ನಮಗೆ ವಿಚಿತ್ರವಾಗಿ ತೋರುವ ಈ ಭಾಗವನ್ನು ಮರೆಮಾಡದೆ, ಅವರಿಗೆ ಅದು ಏಕೆ ಸಹಜವೆಂಬುದನ್ನು ತಿಳಿಸಲು ನಾವು ಹೆಚ್ಚು ಶ್ರಮಪಟ್ಟೆವು. 'ಅನಾಗರಿಕ', 'ಹಿಂದುಳಿದ ಜನಾಂಗ', 'ವಿಚಿತ್ರ ಪದ್ಧತಿ' ಎಂಬ ಮಾತುಗಳನ್ನು ನಮ್ಮ ಪುಟಗಳಲ್ಲಿ ಬಳಸಬಾರದೆಂದು ಬರೆದಿಟ್ಟುಕೊಂಡಿದ್ದೇವೆ.

ಮಕ್ಕಳು ಅತ್ಯಂತ ಹೆಚ್ಚು ಹೊತ್ತು ಕೂರುವುದು ಅಳಗುಳಿ ಮಣೆಯ ಪುಟದಲ್ಲಿ. ಅಜ್ಜಿಯರು ಅಟ್ಟದ ಮೇಲಿಟ್ಟ 14 ಗುಳಿಗಳ ಮಣೆಗೆ ಪ್ರಪಂಚದ ತುಂಬ ಬಂಧುಗಳಿದ್ದಾರೆ. ಘಾನಾದ 'ಓವಾರೆ'ಗೆ 12 ಗುಳಿ, 48 ಬೀಜ; ಜಾಂಜಿಬಾರ್ ಕಡೆಯ 'ಬಾವೊ'ಗೆ ನಾಲ್ಕು ಸಾಲಿನಲ್ಲಿ 32 ಗುಳಿ; ಫಿಲಿಪ್ಪೀನ್ಸ್‌ನ 'ಸುಂಕಾ'ದಲ್ಲಿ ನಮ್ಮಂತೆಯೇ ಒಬ್ಬೊಬ್ಬರಿಗೆ ಏಳು ಗುಳಿ, ಜೊತೆಗೆ ಗೆದ್ದ ಕವಡೆ ಹಾಕಲು ತುದಿಗೊಂದು ದೊಡ್ಡ ಗುಳಿ. ಕಜಕಸ್ತಾನ, ಕಿರ್ಗಿಸ್ತಾನ ಮತ್ತು ತುರ್ಕಿಯ ಇಂಥ ಆಟಗಳನ್ನು ಯುನೆಸ್ಕೊ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪರದೆಯ ಮೇಲೆ ಆಡುವಂತೆ ಈ ಪುಟವನ್ನು ಮಾಡಬಹುದಿತ್ತು. ನಮ್ಮ ಯುವಕರ ಆಸೆಯೂ ಅದೇ ಆಗಿತ್ತು. ಬಹಳ ಚರ್ಚಿಸಿ ಬೇಡವೆಂದೆವು. ಪುಟವು ನಿಯಮಗಳನ್ನು ಹೇಳಿ, ನೆಲದಲ್ಲಿ ಗುಳಿ ತೋಡಿ ಹುಣಸೆ ಬೀಜ ತನ್ನಿರೆಂದು ಮಕ್ಕಳನ್ನು ಹೊರಗೆ ಕಳುಹಿಸುತ್ತದೆ. ಮಗುವನ್ನು ಪರದೆಯ ಮುಂದೆ ಹಿಡಿದು ಕೂರಿಸುವುದು ಒಳ್ಳೆಯ ಜಾಲತಾಣದ ಅಳತೆಗೋಲಾಗಬಾರದೆಂದು ನಾನು ದೃಢವಾಗಿ ನಂಬುತ್ತೇನೆ.

ಮಕ್ಕಳಿಗೆ ಕಹಿ ಸಂಗತಿಗಳನ್ನು ಹೇಳಬೇಕೆ ಎಂಬ ಪ್ರಶ್ನೆಯನ್ನು ಪೋಷಕರು ಎತ್ತಿದ್ದಾರೆ. ಹೇಳಬೇಕು, ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದಿಂದ ಬಂದವರು, ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ತರಲಾಗಿತ್ತು. ಅವರ ದಮಾಮಿ ವಾದ್ಯದ ಸದ್ದನ್ನು ಮಾತ್ರ ಕೇಳಿಸಿ ಅವರು ಇಲ್ಲಿಗೆ ಬಂದ ಬಗೆಯನ್ನು ಮುಚ್ಚಿಟ್ಟರೆ ಅದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಪ್ರಪಂಚದ ಸಂಸ್ಕೃತಿಗಳನ್ನು ಕಾಣಲು ಕಡಲು ದಾಟಲೇಬೇಕೆಂದಿಲ್ಲ. ಕನ್ನಡ ಮಾತಾಡುವ ಸಿದ್ದಿ ಮಕ್ಕಳೂ, ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರ ಮಕ್ಕಳೂ ನಮ್ಮ ರಾಜ್ಯದಲ್ಲಿಯೇ ಇದ್ದಾರೆ. ಅವರ ಪುಟಗಳನ್ನು ಅವರೇ ಬರೆಯಲೆಂದು ನಾವು ಕೇಳಿಕೊಂಡಿದ್ದೇವೆ.

ತಾಂತ್ರಿಕ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ಕಡೆಯ ಮಕ್ಕಳಿಗೆ ಸಿಗುವುದು ಸಂಜೆ ಅಪ್ಪ ಮನೆಗೆ ಬಂದ ಮೇಲೆ ಅರ್ಧ ಗಂಟೆ, ಅವರ ಹಳೆಯ ಮೊಬೈಲು ಮತ್ತು ಆಗಾಗ ನಿಲ್ಲುವ ನೆಟ್‌ವರ್ಕ್. ಆದುದರಿಂದ ಚಿತ್ರಗಳು ಹಗುರವಾಗಿರಬೇಕು, ವಿಡಿಯೊ ತಾನಾಗಿ ಓಡಬಾರದು, ಇಡೀ ತಾಣದ ಪ್ರತಿಯನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅಂತರ್ಜಾಲವಿಲ್ಲದೆಯೂ ತೆರೆಯುವಂತಿರಬೇಕು. ಕನ್ನಡ ಪಠ್ಯವನ್ನು ಚಿತ್ರವಾಗಿ ಅಂಟಿಸುವುದಾಗಲಿ ಹಳೆಯ ಫಾಂಟುಗಳಲ್ಲಿ ಹಾಕುವುದಾಗಲಿ ಬೇಡ, ಎಲ್ಲ ಕಂಪ್ಯೂಟರು, ಮೊಬೈಲುಗಳೂ ಅಕ್ಷರವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿಯೇ ಇರಲಿ. ಕಣ್ಣು ಕಾಣದ ಮಗುವಿಗೆ ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದೊಳಗಿನ ಅಕ್ಷರ ಸುಲಭವಾಗಿ ದಕ್ಕುವುದಿಲ್ಲ. ಮಕ್ಕಳ ಹೆಸರು, ಊರು, ಫೋನ್ ಸಂಖ್ಯೆ ಯಾವುದನ್ನೂ ನಾವು ಕೇಳುವುದಿಲ್ಲ, ಜಾಹೀರಾತು ಹಾಕುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಹ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ ಮತ್ತು ಅವರನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸಿದೆ.

ಹೊರನಾಡಿನ ಹೆಸರುಗಳನ್ನು ಅಲ್ಲಿನವರ ಬಾಯಿಂದಲೇ ಕೇಳಿಸಬೇಕೆಂಬುದು ನಮ್ಮ ದೊಡ್ಡ ಹಂಬಲ. ಇಂಗ್ಲಿಷ್ ಕಾಗುಣಿತದ ಮೂಲಕ ಬಂದು ಕನ್ನಡದಲ್ಲಿ ವಿಕಾರಗೊಂಡ ಹೆಸರುಗಳನ್ನು ನಾನೂ ಬಹಳ ಕಲಿಸಿದ್ದೇನೆ. ನಮ್ಮ ಲಿಪಿಯಲ್ಲಿ ಎಷ್ಟೋ ಭಾಷೆಗಳ ಉಚ್ಚಾರಣೆಯನ್ನು ಸಮೀಪವಾಗಿ ಬರೆಯಬಹುದಾಗಿರುವಾಗ ಆ ಸುತ್ತುದಾರಿ ಅನಗತ್ಯ.

ಶಿಕ್ಷಣ ಇಲಾಖೆಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ನನ್ನ ಮನವಿ ಒಂದೇ. ತಮ್ಮ ಬಳಿ ಇರುವ ಜಾನಪದ ಕಲೆಗಳ, ವಸ್ತು ಸಂಗ್ರಹಾಲಯಗಳ ಛಾಯಾಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಮಕ್ಕಳ ಶಿಕ್ಷಣಕ್ಕಾಗಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಬೇಕು. ನಮ್ಮ ತೊಗಲುಗೊಂಬೆಯಾಟದ ಹಾಸ್ಯಪಾತ್ರವಾದ ಕಿಳ್ಳೇಕ್ಯಾತನನ್ನು, ಅಂಥದೇ ನೆರಳುಗೊಂಬೆಯಾಟಗಳ ಹಾಸ್ಯಪಾತ್ರಗಳಾದ ಜಾವಾದ ಸೆಮಾರನ ಪಕ್ಕದಲ್ಲಿ, ತುರ್ಕಿಯ ಕರಗೋಜ್‌ನ ಪಕ್ಕದಲ್ಲಿ ನಿಲ್ಲಿಸಿ ತೋರಿಸುವ ಪುಟವೊಂದು ಸಿದ್ಧವಿದೆ. ಪರದೇಶದ ಇಬ್ಬರ ಚಿತ್ರಗಳೂ ಮುಕ್ತವಾಗಿ ಸಿಕ್ಕಿವೆ, ನಮ್ಮವನ ಒಳ್ಳೆಯ ಚಿತ್ರಕ್ಕಾಗಿ ಎರಡು ತಿಂಗಳಿಂದ ಕಾಯುತ್ತಿದ್ದೇವೆ.

ತಮ್ಮ ಓದುಗರಲ್ಲಿ ಕೆಜಿಎಫ್‌ನ ಹಳೆಯ ಕುಟುಂಬಗಳಿದ್ದರೆ ಲೈನ್ ಮನೆಗಳ ಫೋಟೊಗಳನ್ನು, ಅಳಗುಳಿ ಮಣೆಯ ಬೇರೆ ಬೇರೆ ಆಟಕ್ರಮ ಬಲ್ಲ ಹಿರಿಯರಿದ್ದರೆ ಆ ನಿಯಮಗಳನ್ನು ತಮ್ಮ ಸಮೀಪದ ಪಂಚಾಯಿತಿ ಗ್ರಂಥಾಲಯದಲ್ಲಿ ಬರೆಸಿಡಬೇಕೆಂದು ಕೋರುತ್ತೇನೆ. ಉಗಾಂಡಾ, ಕೀನ್ಯಾಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಈ ಪತ್ರವನ್ನು ಓದಿದರೆ, ಅಲ್ಲಿನ ಒಂದು ಮನೆಯಲ್ಲಿ ರಾಗಿ ಹಿಟ್ಟು ತಿರುವುವ ತಾಯಿಯ ಮಾತನ್ನು, ಅವರ ಒಪ್ಪಿಗೆ ಪಡೆದು, ಅವರ ಭಾಷೆಯಲ್ಲಿಯೇ ಎರಡು ನಿಮಿಷ ಧ್ವನಿಮುದ್ರಿಸಿ ಕಳುಹಿಸಬೇಕು. ಮುದ್ದೆಯ ಬಗ್ಗೆ ಕೇಳಿದ ಆ ಹುಡುಗಿ ತನ್ನ ಅಜ್ಜಿ ಹಿಟ್ಟಿನ ಕೋಲಿನಲ್ಲಿ ಮುದ್ದೆ ಕಟ್ಟುವ ಸದ್ದನ್ನೂ ಅಜ್ಜಿಯ ಮಾತನ್ನೂ ಆಗಲೇ ಮುದ್ರಿಸಿ ತಂದಿದ್ದಾಳೆ. ಪುಟದಲ್ಲಿ ಅದರ ಪಕ್ಕದ ಜಾಗ ಖಾಲಿ ಇದೆ.

ಇತಿ,

ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ